ಅಂಗೈ ಅಗಲದ ಫ್ಲೈಓವರ್

ಜಯನಗರಕ್ಕೆ ರೈಲು ಬಂದದ್ದು 2017ರ ಜೂನ್ ತಿಂಗಳಲ್ಲಿ. 1948ರಲ್ಲಿ ರಾಜಾಜಿಯವರು ಬಡಾವಣೆಗೆ ಅಡಿಗಲ್ಲು ಹಾಕಿದ ಮೇಲೆ ಸುಮಾರು ಎಪ್ಪತ್ತು ವರ್ಷ ಇಲ್ಲಿ ಹಳಿ ಎಂಬುದೇ ಇರಲಿಲ್ಲ. ಮೈಸೂರಿನ ಮಾರ್ಗ ಪಶ್ಚಿಮಕ್ಕೆ ನಾಯಂಡಹಳ್ಳಿ, ಕೆಂಗೇರಿ ಹಿಡಿದು ಹೋಯಿತು. ಸೇಲಂ ಮಾರ್ಗ ಪೂರ್ವಕ್ಕೆ ಕಾರ್ಮೆಲರಾಂ, ಹೀಲಲಿಗೆ ಹಾದು ಹೊಸೂರಿನತ್ತ ತಿರುಗಿತು. ಇವೆರಡರ ನಡುವೆ ಉಳಿದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಮಕ್ಕಳು ರೈಲು ನೋಡಬೇಕೆಂದರೆ ಮೆಜೆಸ್ಟಿಕ್‌ಗೆ ಹೋಗಬೇಕಿತ್ತು, ಇಲ್ಲವೇ ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಪುಟಾಣಿ ರೈಲು ಹತ್ತಬೇಕಿತ್ತು. ಕೊನೆಗೂ ಬಂದ ಮೆಟ್ರೊ ರೈಲು ನೆಲದ ಮೇಲೆ ಬರಲಿಲ್ಲ. ಮನೆಗಳ ಎರಡನೆಯ, ಮೂರನೆಯ ಮಹಡಿಯ ಕಿಟಕಿಗಳಿಗೆ ಸಮನಾಗಿ, ಕಾಂಕ್ರೀಟಿನ ಮೇಲೆ ಬಂತು.

ಹಾಗಾಗಿ ಈ ಭಾಗದಲ್ಲಿ ಮಾದರಿ ರೈಲು ಕಟ್ಟಲು ಕೂತವರಿಗೆ ಕಾಂಕ್ರೀಟ್ ಸೇತುವೆ ಅಲಂಕಾರಕ್ಕೆ ಇಡುವ ವಸ್ತುವಲ್ಲ. ಊರಿನ ಚಿತ್ರವೇ ಅದರಿಂದ ಶುರುವಾಗಬೇಕು. ಹಳಿ, ಎಂಜಿನ್, ಸಿಗ್ನಲ್ ಎಲ್ಲವನ್ನೂ ಕೊಂಡು ತರಬಹುದು. ನಮ್ಮೂರಿನ ಸೇತುವೆಯನ್ನು ಮಾತ್ರ ಕೈಯಾರೆ ಕಟ್ಟಿಕೊಳ್ಳಬೇಕು. ಈ ಹವ್ಯಾಸದ ದೊಡ್ಡ ಸಂತೋಷ ಇರುವುದು ಆ ಕೆಲಸದಲ್ಲೇ ಎಂದು ನಾನು ನಂಬಿದ್ದೇನೆ. ದಿನಬೆಳಗಾದರೆ ಫ್ಲೈಓವರಿನ ಅಡಿಯಲ್ಲಿ ಸಿಗ್ನಲ್‌ಗೆ ಕಾಯುತ್ತ ನಿಲ್ಲುವ ನಾವು ಅದನ್ನು ಸರಿಯಾಗಿ ತಲೆಯೆತ್ತಿ ನೋಡುವುದು ಅದನ್ನು ಕಟ್ಟಲು ಹೊರಟಾಗಲೇ.

ಮಾದರಿ ರೈಲಿನಲ್ಲಿ ಎಲ್ಲವೂ ಅಳತೆಯ ಮೇಲೆ ನಿಂತಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ, ಅಂದರೆ ನಿಜದ 87ನೇ ಒಂದು ಪಾಲು. ಜಾಗ ಕಡಿಮೆ ಇದ್ದವರು ಎನ್ ಅಳತೆ ಹಿಡಿಯುತ್ತಾರೆ, ಅದು 160ನೇ ಒಂದು ಪಾಲು. ಬ್ರಿಟನ್ನಿನಲ್ಲಿ ಪ್ರಚಾರದಲ್ಲಿರುವ ಓಓ ಸುಮಾರು 76ನೇ ಒಂದು ಪಾಲು. ಇಲ್ಲಿ ಎಚ್‌ಒ ಲೆಕ್ಕವನ್ನೇ ಹಿಡಿದು ಮಾತಾಡೋಣ. ಎರಡು ಲೇನಿನ ರಸ್ತೆಯ ಅಗಲ ಏಳೂವರೆ ಮೀಟರ್ ಎಂದುಕೊಂಡರೆ, 87ರಿಂದ ಭಾಗಿಸಿದಾಗ ಸಿಗುವುದು 86 ಮಿಲಿಮೀಟರ್. ಹೆಚ್ಚುಕಡಿಮೆ ಒಂದು ಅಂಗೈ. ಹನ್ನೆರಡು ಮೀಟರಿನ ಬಿಎಂಟಿಸಿ ಬಸ್ಸು ಹದಿನಾಲ್ಕು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ ಉದ್ದಕ್ಕೆ ಇಳಿದು ಆ ಅಂಗೈಯ ಮೇಲೆ ಓಡಬೇಕು.

ಪರದೇಶದ ಕಂಪನಿಗಳು ಮಾದರಿ ಸೇತುವೆಗಳ ಕಿಟ್‌ಗಳನ್ನು ಮಾರುತ್ತವೆ. ಜರ್ಮನಿಯ ಫಾಲರ್, ನೋಖ್‌ನಂಥ ಕಂಪನಿಗಳಲ್ಲಿ ಆಲ್ಪ್ಸ್ ಪರ್ವತದ ಕಲ್ಲಿನ ಕಮಾನುಗಳು, ಉಕ್ಕಿನ ಜಾಲರಿ ಸೇತುವೆಗಳು ಹೇರಳ. ಅಮೆರಿಕದ ರಿಕ್ಸ್ ಕಂಪನಿ ಕಾಂಕ್ರೀಟ್ ಹೆದ್ದಾರಿ ಮೇಲ್ಸೇತುವೆಯನ್ನೇ ಮಾಡುತ್ತದೆ. 1930ರ ದಶಕದ ಶೈಲಿಯದೊಂದು, ಆಧುನಿಕ ಶೈಲಿಯದೊಂದು. ಎರಡೂ ಒಳ್ಳೆಯ ಕೆಲಸವೇ. ಆದರೆ ಅವುಗಳ ಕಂಬ, ಕಟಾಂಜನ, ಅಗಲ ಎಲ್ಲವೂ ಅಮೆರಿಕದ ಬಯಲಿನವು. ಅದರಡಿಯಲ್ಲಿ ನಮ್ಮ ನೀಲಿ ಬೋಗಿಗಳ ರೈಲು ಓಡಿಸಿದರೆ ಕಣ್ಣು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಹೇಳಲು ಎಲ್ಲರಿಗೂ ಬರಲಿಕ್ಕಿಲ್ಲ. ಆದರೂ ಬೆಂಗಳೂರಿನಲ್ಲಿ ಬೆಳೆದ ಯಾವ ಮಗುವಾದರೂ ‘ಇದು ನಮ್ಮೂರಲ್ಲ’ ಎಂದು ಒಂದು ಕ್ಷಣದಲ್ಲಿ ಹೇಳುತ್ತದೆ.

ನಮ್ಮ ರೈಲುಗಳ ಮಾದರಿ ಕಟ್ಟುವವರಿಗೆ ಮೊದಲಿನಿಂದಲೂ ಒಂದು ಕೊರಗಿದೆ. ಭಾರತದ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್. ಎಚ್‌ಒ ಲೆಕ್ಕದಲ್ಲಿ ಅದು 19 ಮಿಲಿಮೀಟರಿಗೂ ಮೇಲೆ ಬರಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ ಹದಿನಾರೂವರೆ ಮಿಲಿಮೀಟರ್. ಅದು ಯುರೋಪು, ಅಮೆರಿಕಗಳ 1,435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜಿಗೆ ಹೊಂದಿಸಿದ್ದು. ಹೀಗಾಗಿ ನಮ್ಮ ಎಂಜಿನ್ನುಗಳನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಕಾಲುಗಳು ಹತ್ತಿರಕ್ಕೆ ಬಂದಂತೆ ಕಾಣುತ್ತವೆ. ನಮ್ಮ ಮೆಟ್ರೊ ಇದನ್ನು ತಾನಾಗಿಯೇ ಬಗೆಹರಿಸಿದೆ, ಅದರ ಹಳಿ ಸ್ಟ್ಯಾಂಡರ್ಡ್ ಗೇಜ್. 1,435ನ್ನು 87ರಿಂದ ಭಾಗಿಸಿ ನೋಡಿ, ಹದಿನಾರೂವರೆ. ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಜೊತೆಗೆ ಮೆಟ್ರೊಗೆ ತಲೆಯ ಮೇಲೆ ತಂತಿಯೂ ಇಲ್ಲ. ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟ್ ಡಿಸಿ ಹರಿಯುತ್ತದೆ. ಮಾದರಿಯಲ್ಲಿ ಅತಿ ಕಷ್ಟದ ಕೆಲಸಗಳಲ್ಲಿ ಒಂದಾದ ವಿದ್ಯುತ್ ತಂತಿ ಕಟ್ಟುವ ತಾಪತ್ರಯವೇ ತಪ್ಪಿತು. ಬ್ರಾಡ್‌ಗೇಜ್ ಕಾಣದೆ ಬೆಳೆದ ದಕ್ಷಿಣ ಬೆಂಗಳೂರಿಗೆ ಮಾದರಿ ರೈಲಿನ ಮಟ್ಟಿಗೆ ಇದು ವರವೇ ಆಯಿತು.

ಇನ್ನು ಸೇತುವೆ. ಮಾರೇನಹಳ್ಳಿ ರಸ್ತೆಯಲ್ಲಿ ರಾಗಿಗುಡ್ಡದಿಂದ ಸೆಂಟ್ರಲ್ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 3.3 ಕಿಲೋಮೀಟರ್ ಉದ್ದಕ್ಕೆ ನಿಂತಿರುವ ಡಬಲ್ ಡೆಕ್ಕರ್ ಫ್ಲೈಓವರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಊರಿನಲ್ಲಿ ಇಂಥದ್ದು ಇದೇ ಮೊದಲನೆಯದು. ನೆಲದಲ್ಲಿ ಹಳೆಯ ರಸ್ತೆ, ಸುಮಾರು ಎಂಟು ಮೀಟರ್ ಎತ್ತರದಲ್ಲಿ ಫ್ಲೈಓವರ್, ಸುಮಾರು ಹದಿನಾರು ಮೀಟರ್ ಎತ್ತರದಲ್ಲಿ ಮೆಟ್ರೊ. ರಸ್ತೆಯ ಒಂದು ದಿಕ್ಕು 2024ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಮೇಲಿನ ಹಳದಿ ಮಾರ್ಗ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರ್, 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಎಚ್‌ಒ ಅಳತೆಯಲ್ಲಿ ಫ್ಲೈಓವರ್ 9 ಸೆಂಟಿಮೀಟರ್ ಎತ್ತರ, ಮೆಟ್ರೊ 18 ಸೆಂಟಿಮೀಟರ್ ಎತ್ತರ. ಒಂದು ಗೇಣಿನೊಳಗೆ ಮೂರು ಅಂತಸ್ತಿನ ಊರು ಕೂತುಬಿಡುತ್ತದೆ.

ಉದ್ದದ ಮಾತು ಬೇರೆ. 3.3 ಕಿಲೋಮೀಟರನ್ನು ಹಾಗೆಯೇ ಇಳಿಸಿದರೆ 38 ಮೀಟರ್ ಆಗುತ್ತದೆ. ಮೂವತ್ತು-ನಲವತ್ತರ ಸೈಟುಗಳನ್ನು ಉದ್ದಕ್ಕೆ ಮೂರು ಜೋಡಿಸಿದರೂ ಸಾಲದು. ಕುಗ್ಗಿಸಲೇಬೇಕು. ಎಲ್ಲಿ ಕುಗ್ಗಿಸಬೇಕು ಎಂಬುದರಲ್ಲಿ ಕಟ್ಟುವವನ ವಿವೇಕ ಕಾಣುತ್ತದೆ. ಉದ್ದವನ್ನು ಎಷ್ಟಾದರೂ ಕತ್ತರಿಸಿ, ಎತ್ತರವನ್ನು ಕಡಿಮೆ ಮಾಡಬೇಡಿ. ಎತ್ತರ ಕುಗ್ಗಿದ ಫ್ಲೈಓವರ್ ಕುಳ್ಳಾದ ಮೇಜಿನ ಹಾಗಾಗಿ ಅದರ ಗತ್ತೆಲ್ಲ ಹೋಗುತ್ತದೆ. ಎರಡು ಕಂಬಗಳ ನಡುವಿನ ಅಂಕಣ ನಿಜದಲ್ಲಿ ಸಾಮಾನ್ಯವಾಗಿ 25ರಿಂದ 30 ಮೀಟರ್, ಅಂದರೆ ಮಾದರಿಯಲ್ಲಿ 29ರಿಂದ 34 ಸೆಂಟಿಮೀಟರ್. ಇದನ್ನು 23 ಸೆಂಟಿಮೀಟರಿನವರೆಗೆ ತರಬಹುದು, ಅದಕ್ಕಿಂತ ಕೆಳಗೆ ಬೇಡ. ಕನಿಷ್ಠ ಮೂರು ಅಂಕಣಗಳಿರಲಿ. ಒಂದೇ ಇದ್ದರೆ ಅದು ಮೋರಿಯ ಮೇಲಿನ ಸೇತುವೆ, ಎರಡಿದ್ದರೆ ಅರೆಬರೆ. ಮೂರನೆಯದು ಬಂದ ಮೇಲೆ ಕಣ್ಣು ಮುಂದಿನದನ್ನೆಲ್ಲ ತಾನೇ ಕಲ್ಪಿಸಿಕೊಳ್ಳುತ್ತದೆ.

ರ‍್ಯಾಂಪನ್ನು ಪೂರ್ತಿ ತೋರಿಸುವ ಆಸೆಯನ್ನೂ ಬಿಡಬೇಕಾಗುತ್ತದೆ. ಮೂವತ್ತಕ್ಕೆ ಒಂದರ ಏರಿನಲ್ಲಿ ಎಂಟು ಮೀಟರ್ ಹತ್ತಲು 240 ಮೀಟರ್ ಬೇಕು. ಮಾದರಿಯಲ್ಲಿ ಅದು ಎರಡೂಮುಕ್ಕಾಲು ಮೀಟರ್. ಹತ್ತಡಿಯ ಕೋಣೆಯನ್ನು ಒಂದು ರ‍್ಯಾಂಪೇ ತಿಂದು ಹಾಕುತ್ತದೆ. ರಸ್ತೆಯನ್ನು ಏರುವ ಮೊದಲೇ ಒಂದು ದೊಡ್ಡ ಮರದ ಹಿಂದೆ, ಇಲ್ಲವೇ ಒಂದು ಅಪಾರ್ಟ್‌ಮೆಂಟಿನ ಹಿಂದೆ ಮರೆಮಾಡಿ ಗೋಡೆಗೆ ಮುಟ್ಟಿಸುವುದೇ ಒಳ್ಳೆಯದು. ಜಯನಗರದಲ್ಲಿ ಮರೆಮಾಡಲು ಮರಗಳಿಗೆ ಬರವೇ?

ಹೊರೆ ಇಳಿಯುವ ದಾರಿ

ಸೇತುವೆ ಕಟ್ಟುವ ಮೊದಲು ನೋಟ್‌ಬುಕ್ ಹಿಡಿದು ನಿಜದ ಸೇತುವೆಯ ಕೆಳಗೆ ಹೋಗಬೇಕು. ಮೇಲೆ ಗಾಡಿಯಲ್ಲಿ ಹೋದರೆ ಕಾಣುವುದು ಡಾಂಬರು ಮತ್ತು ತಡೆಗೋಡೆ ಮಾತ್ರ. ಸೇತುವೆಯ ನಿಜವಾದ ರೂಪ ಇರುವುದು ಅದರ ಹೊಟ್ಟೆಯಲ್ಲಿ. ಭಾನುವಾರ ಬೆಳಿಗ್ಗೆ ಫುಟ್‌ಪಾತಿನ ಮೇಲೆ ನಿಂತರೆ ಸಾಕು. ಸಂಚಾರದ ನಡುವೆ ನಿಲ್ಲುವ, ಡಿವೈಡರ್ ಹತ್ತುವ ಸಾಹಸ ಬೇಡ. ಟೇಪು ಹಿಡಿಯಲಾಗದ ಕಡೆ ಫೋಟೊದಿಂದಲೇ ಅಳತೆ ತೆಗೆಯಬಹುದು. ಚಿತ್ರದಲ್ಲಿ ಒಂದು ಬಸ್ಸು ಸಿಕ್ಕಿದರೆ ಅದರ ಹನ್ನೆರಡು ಮೀಟರೇ ಅಳತೆಗೋಲು. ಸ್ಥಳದಲ್ಲೇ ಎರಕ ಹೊಯ್ದ ಗೋಡೆಯಾದರೆ ಸೆಂಟ್ರಿಂಗ್ ಹಲಗೆಗಳ ಗುರುತನ್ನು ಎಣಿಸಿ. ಪ್ಲೈವುಡ್ ಹಾಳೆ ಎಂಟಡಿಗೆ ನಾಲ್ಕಡಿ ಎಂಬುದು ಎಲ್ಲ ಮೇಸ್ತ್ರಿಗಳಿಗೂ ಗೊತ್ತಿರುವ ಲೆಕ್ಕ. ಮಾದರಿಯಲ್ಲಿ ಆ ಹಾಳೆ 28 ಮಿಲಿಮೀಟರ್ ಉದ್ದ, 14 ಮಿಲಿಮೀಟರ್ ಅಗಲ.

ಅಲ್ಲಿ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮೇಲೆ ಹೋಗುತ್ತಿರುವ ಲಾರಿಯ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದೆ? ಚಕ್ರದಿಂದ ಡಾಂಬರಿಗೆ, ಅಲ್ಲಿಂದ ಕಾಂಕ್ರೀಟ್ ಹಾಸಿಗೆ, ಹಾಸಿನಿಂದ ಗರ್ಡರಿಗೆ, ಗರ್ಡರಿನಿಂದ ಬೇರಿಂಗಿಗೆ, ಬೇರಿಂಗಿನಿಂದ ಕಂಬದ ತಲೆಗೆ, ತಲೆಯಿಂದ ಕಂಬಕ್ಕೆ, ಕಂಬದಿಂದ ಭೂಮಿಯೊಳಗಿನ ಪೈಲುಗಳಿಗೆ. ಈ ಸರಪಳಿಯ ಒಂದು ಕೊಂಡಿಯನ್ನು ಬಿಟ್ಟರೂ ಮಾದರಿ ಆಟಿಕೆಯಾಗುತ್ತದೆ. ಬಹಳ ಜನ ಬಿಡುವುದು ಬೇರಿಂಗನ್ನೇ. ರಸ್ತೆಯ ಹಾಸನ್ನು ಕಂಬದ ಮೇಲೆ ನೇರವಾಗಿ ಅಂಟಿಸಿಬಿಡುತ್ತಾರೆ. ಆಮೇಲೆ ಎಷ್ಟು ಬಣ್ಣ ಬಳಿದರೂ ಅದರಲ್ಲಿ ತೂಕ ಕಾಣುವುದಿಲ್ಲ.

ಹೊರೆ ಹೊರುವವರು ತಲೆಗೂ ಹೊರೆಗೂ ನಡುವೆ ಸಿಂಬಿ ಇಟ್ಟುಕೊಳ್ಳುತ್ತಾರಲ್ಲ, ಬೇರಿಂಗ್ ಮಾಡುವುದು ಆ ಕೆಲಸವನ್ನೇ. ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಮೂವತ್ತು ಮೀಟರಿನ ಗರ್ಡರ್ ಮೂವತ್ತು ಡಿಗ್ರಿ ಏರಿಳಿತಕ್ಕೆ ಸುಮಾರು ಒಂದು ಸೆಂಟಿಮೀಟರ್ ಜರುಗುತ್ತದೆ. ಅಷ್ಟಕ್ಕೆ ಜಾಗ ಕೊಡದಿದ್ದರೆ ಕಂಬದ ತಲೆಯೋ ಗರ್ಡರಿನ ತುದಿಯೋ ಸೀಳಬೇಕಾಗುತ್ತದೆ. ಅದಕ್ಕೇ ರಬ್ಬರಿನ ಪದರಗಳ ನಡುವೆ ಉಕ್ಕಿನ ತಗಡುಗಳನ್ನು ಕೂಡಿಸಿದ ಬೇರಿಂಗ್, ಅದರ ಕೆಳಗೆ ಕಾಂಕ್ರೀಟಿನ ಒಂದು ಗಿಡ್ಡ ಪೀಠ. ಅರ್ಧ ಮೀಟರಿನ ಬೇರಿಂಗ್ ಮಾದರಿಯಲ್ಲಿ ಆರು ಮಿಲಿಮೀಟರಿಗೂ ಕಡಿಮೆ. ಕಪ್ಪು ರಟ್ಟಿನ ಒಂದು ಚೂರು ಸಾಕು. ಹಾಸಿಗೂ ಕಂಬಕ್ಕೂ ನಡುವೆ ಆ ಕಪ್ಪು ಚೂರು ಬಂದು, ಸುತ್ತ ಬೆಳಕು ತೂರುವಷ್ಟು ಸಂದು ಕಾಣಿಸಿದ ಕೂಡಲೇ ಸೇತುವೆಗೆ ಭಾರ ಬರುತ್ತದೆ. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಬದಲಾವಣೆ ತರುವ ವಸ್ತು ಇನ್ನೊಂದಿಲ್ಲ.

ಹೊಟ್ಟೆಯ ಆಕಾರದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಉದ್ದುದ್ದ ಗರ್ಡರುಗಳು ಸಾಲಾಗಿ ನಿಂತು ಮೇಲಿನ ಹಾಸನ್ನು ಹೊರುತ್ತವೆ, ಕೆಳಗಿನಿಂದ ಹಳೆಯ ಮನೆಯ ತೊಲೆಗಳ ಸಾಲಿನಂತೆ ಕಾಣುತ್ತದೆ. ಇನ್ನೊಂದು ಪೆಟ್ಟಿಗೆ ಗರ್ಡರ್: ಒಳಗೆ ಟೊಳ್ಳು, ಪಕ್ಕಗಳು ಕೆಳಮುಖವಾಗಿ ಓರೆ, ಎರಡೂ ಕಡೆ ರೆಕ್ಕೆ ಚಾಚಿದ ಹಾಸು. ಜಯನಗರ, ಬನಶಂಕರಿಗಳ ಮೇಲೆ ಹೋಗುವ ಮೆಟ್ರೊ ಹಸಿರು ಮಾರ್ಗದ ಸೇತುವೆ ಈ ಎರಡನೆಯ ಜಾತಿಯದು. ಸುಮಾರು ಮೂರು ಮೀಟರಿನ ತುಂಡುಗಳನ್ನು ಬೇರೆಡೆ ಎರಕ ಹೊಯ್ದು, ಟ್ರೇಲರಿನಲ್ಲಿ ರಾತ್ರಿ ತಂದು, ಮೇಲಕ್ಕೆತ್ತಿ, ಒಂದಕ್ಕೊಂದು ಅಂಟಿಸಿ, ಒಳಗೆ ಉಕ್ಕಿನ ಕೇಬಲ್ ತೂರಿಸಿ ಜಗ್ಗಿ ಬಿಗಿದದ್ದು. ಕಾಂಕ್ರೀಟನ್ನು ಹೀಗೆ ಮೊದಲೇ ಬಿಗಿದಿಟ್ಟರೆ ಅದು ಸೀಳದೆ ಉದ್ದಕ್ಕೆ ಚಾಚಬಲ್ಲದು ಎಂದು ತೋರಿಸಿ ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಫ್ರೆಸಿನೆ 1928ರಲ್ಲಿ ಪೇಟೆಂಟ್ ಪಡೆದರು. ಭಾರತದಲ್ಲಿ ಆ ಬಗೆಯ ಮೊದಲ ರಸ್ತೆ ಸೇತುವೆ 1954ರಲ್ಲಿ ಚೆಂಗಲ್ಪಟ್ಟಿನ ಬಳಿ ಪಾಲಾರ್ ನದಿಗೆ ಬಂತು. ಒಂದು ತುಂಡಿನ ಮುಖಕ್ಕೇ ತಾಗಿಸಿ ಮುಂದಿನ ತುಂಡನ್ನು ಎರಕ ಹೊಯ್ಯುವ ಉಪಾಯವನ್ನು 1960ರ ದಶಕದ ಮೊದಲಲ್ಲಿ ಪ್ಯಾರಿಸಿನ ಹತ್ತಿರ ಶ್ವಾಜಿ-ಲ-ರ್ವಾ ಸೇತುವೆಯಲ್ಲಿ ಜೀನ್ ಮುಲ್ಲರ್ ಬಳಸಿದರು. ಅದರಿಂದಲೇ ಎರಡು ತುಂಡುಗಳ ಸಂದು ಅಷ್ಟು ಬಿಗಿಯಾಗಿ ಕೂಡುವುದು.

ಮಾದರಿ ಕಟ್ಟುವವನಿಗೆ ಈ ಇತಿಹಾಸದಿಂದ ಸಿಗುವುದು ಒಂದು ಗೆರೆ. ಪ್ರತಿ 34 ಮಿಲಿಮೀಟರಿಗೆ ಒಂದರಂತೆ ಸೇತುವೆಯ ಸುತ್ತ ಒಂದು ತೆಳುಗೆರೆ. ಕಟರಿನ ಬೆನ್ನಿನಿಂದ ಮೆಲ್ಲಗೆ ಒಂದೇ ಸಲ ಎಳೆದರೆ ಸಾಕು. ಆಳವಾಗಿ ಕೊರೆದರೆ ಇಟ್ಟಿಗೆ ಜೋಡಿಸಿದಂತಾಗುತ್ತದೆ. ಗೆರೆ ಹತ್ತಿರ ಬಂದವರಿಗೆ ಮಾತ್ರ ಕಾಣಬೇಕು.

ರಾಜ್ಯದ ಬೇರೆ ಕಡೆಯ ನಿಲ್ದಾಣವನ್ನು ಕಟ್ಟುವವರಿಗೂ ಸೇತುವೆಯ ಹೊಟ್ಟೆ ನೋಡುವ ಈ ಪಾಠ ಬೇಕಾಗುತ್ತದೆ. 2019ರ ಜನವರಿ ಮುಗಿಯುವ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳು ಇಲ್ಲವಾದವು. ಕಾವಲಿದ್ದ ಗೇಟುಗಳ ಜಾಗದಲ್ಲೂ ಒಂದೊಂದಾಗಿ ಹಳಿಯ ಮೇಲೆ ರಸ್ತೆ ಸೇತುವೆಗಳು ಎದ್ದಿವೆ. ವಿದ್ಯುತ್ ಮಾರ್ಗದ ಮೇಲೆ ಕಟ್ಟುವಾಗ ಹಳಿಯಿಂದ ಸೇತುವೆಯ ಹೊಟ್ಟೆಗೆ ಆರೂವರೆ ಮೀಟರಿನ ಆಸುಪಾಸು ಬಿಡುತ್ತಾರೆ. ಮಾದರಿಯಲ್ಲಿ 75 ಮಿಲಿಮೀಟರ್. ಇಂಥ ಕಡೆ ಹಳಿಯ ನೇರ ಮೇಲಿನ ಅಂಕಣ ಉಕ್ಕಿನದಾಗಿರುವುದೂ ಉಂಟು. ಎರಡೂ ಕಡೆಯ ಏರು ಮಾತ್ರ ಕಾಂಕ್ರೀಟ್ ಪ್ಯಾನೆಲ್ಲುಗಳ ಗೋಡೆಯ ನಡುವೆ ತುಂಬಿದ ಮಣ್ಣು. ಒಂದರೊಳಗೊಂದು ಕೂಡುವ ಆ ಪ್ಯಾನೆಲ್ಲುಗಳ ವಿನ್ಯಾಸವನ್ನು ಯಾವ ಹೆದ್ದಾರಿಯಲ್ಲೂ ನೋಡಬಹುದು. ಒಂದೂವರೆ ಮೀಟರಿನ ಪ್ಯಾನೆಲ್ ಮಾದರಿಯಲ್ಲಿ 17 ಮಿಲಿಮೀಟರ್. ಸಿಲಿಕೋನ್ ಅಚ್ಚು ಮಾಡಿಕೊಂಡು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಹೊಯ್ದರೆ ಬೇಕಾದಷ್ಟು ಬರುತ್ತವೆ.

ಕಂಬಕ್ಕೆ ಎಲೆಕ್ಟ್ರಿಷಿಯನ್ನರ ಪೈಪು

ಸಾಮಾನಿಗಾಗಿ ದೂರ ಹೋಗಬೇಕಾಗಿಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಕಾಲೇಜುಗಳು ಹಲವು. ಅವುಗಳ ಅಕ್ಕಪಕ್ಕದ ಸ್ಟೇಷನರಿ ಅಂಗಡಿಗಳಲ್ಲಿ ಸನ್‌ಬೋರ್ಡ್, ಮೌಂಟ್ ಬೋರ್ಡ್, ಬಾಲ್ಸಾ ಮರ, ಎಂಡಿಎಫ್ ಹಾಳೆ ವರ್ಷಪೂರ್ತಿ ಸಿಗುತ್ತವೆ. ರಸ್ತೆಯ ಹಾಸಿಗೆ ಮೂರು ಮಿಲಿಮೀಟರಿನ ಎಂಡಿಎಫ್ ಒಳ್ಳೆಯದು, ಬೇಗ ಸೊಟ್ಟಗಾಗುವುದಿಲ್ಲ. ತಿರುವಿನ ರ‍್ಯಾಂಪ್ ಬೇಕಾದರೆ ಲೇಸರ್ ಕಟಿಂಗ್ ಅಂಗಡಿಗೆ ನಕ್ಷೆ ಕೊಟ್ಟು ಕತ್ತರಿಸಿ ತರಬಹುದು. ಪೆಟ್ಟಿಗೆ ಗರ್ಡರಿನ ಓರೆ ಗೋಡೆಗಳಿಗೆ ಸ್ಟೈರೀನ್ ಹಾಳೆಗಿಂತ ಉತ್ತಮವಾದದ್ದಿಲ್ಲ. ಅಂಚು ಚೂಪಾಗಿ ನಿಲ್ಲುತ್ತದೆ, ಕಾಂಕ್ರೀಟಿಗೆ ಆ ಚೂಪು ಬೇಕು.

ದುಂಡು ಕಂಬಗಳಿಗೆ ನನ್ನ ಆಯ್ಕೆ ಮನೆ ವೈರಿಂಗಿಗೆ ಬಳಸುವ ಪಿವಿಸಿ ಪೈಪು. 20 ಮಿಲಿಮೀಟರಿನದು ಒಂದೂಮುಕ್ಕಾಲು ಮೀಟರ್ ದಪ್ಪದ ಕಂಬವಾಗುತ್ತದೆ, 25ರದ್ದು ಎರಡು ಮೀಟರಿಗೂ ಸ್ವಲ್ಪ ಮೇಲೆ. ಎರಡೂ ನಿಜದ ಕಂಬಗಳ ದಪ್ಪಕ್ಕೆ ಹತ್ತಿರ. ಗರಗಸದಲ್ಲಿ ಕೊಯ್ದು, ಹೊಳಪು ಹೋಗುವ ಹಾಗೆ ಎಮರಿ ಕಾಗದದಲ್ಲಿ ಉಜ್ಜಿದರೆ ಬಣ್ಣ ಹಿಡಿಯುತ್ತದೆ. ಕಂಬದ ತಲೆಯನ್ನು ಸನ್‌ಬೋರ್ಡಿನ ಪದರಗಳನ್ನು ಅಂಟಿಸಿ, ಕೆತ್ತಿ, ಉಜ್ಜಿ ರೂಪಿಸಬೇಕು. ಮಾರೇನಹಳ್ಳಿ ರಸ್ತೆಯ ಕಂಬ ಇದಕ್ಕಿಂತ ಹೆಚ್ಚಿನ ಕೆಲಸ ಕೇಳುತ್ತದೆ. ಅಲ್ಲಿ ಕಂಬ ರಸ್ತೆಯ ಹಂತದಲ್ಲಿ ನಿಲ್ಲುವುದಿಲ್ಲ. ಎರಡು ದಿಕ್ಕಿನ ರಸ್ತೆಗಳ ನಡುವೆ ತೂರಿ ಮೆಟ್ರೊವರೆಗೆ ಏರುತ್ತದೆ. ಕೆಳಗಿನ ತೋಳು ರಸ್ತೆಗೆ, ಮೇಲಿನ ತೋಳು ಹಳಿಗೆ. ಒಳಗೆ ಒಂದು ಉಕ್ಕಿನ ಸರಳು ತೂರಿಸಿ ಹಲಗೆಗೆ ನಟ್ಟು ಬಿಗಿದರೆ ಅಲುಗಾಡುವುದಿಲ್ಲ. ಮೇಲೆ ಒಂದೂವರೆ ಮೀಟರ್ ಉದ್ದದ ಆರು ಬೋಗಿಯ ರೈಲು ಓಡಬೇಕಲ್ಲ, ಈ ಒಂದು ಕಡೆ ಮಾದರಿಯೂ ನಿಜವಾಗಿಯೇ ಹೊರೆ ಹೊರಬೇಕು.

ಕಾಂಕ್ರೀಟಿನ ಮಾದರಿಗೆ ನಿಜವಾದ ಸಿಮೆಂಟು, ಮರಳು ಹಾಕಬೇಕೆಂದು ಹಲವರಿಗೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 20 ಮಿಲಿಮೀಟರಿನ ಜಲ್ಲಿ 87ನೇ ಪಾಲಿಗೆ ಇಳಿದರೆ ಕಾಲು ಮಿಲಿಮೀಟರೂ ಅಲ್ಲ. ನಮ್ಮ ಎಂ-ಸ್ಯಾಂಡಿನ ಕಾಳು ಮಾದರಿಯ ಮೇಲೆ ಬಂಡೆಯಾಗಿ ಕಾಣುತ್ತದೆ. ನಿಜದ ಫ್ಲೈಓವರ್ ಇಪ್ಪತ್ತಡಿ ದೂರದಿಂದಲೇ ನಯವಾಗಿ ಕಾಣುತ್ತದೆ. ಮಾದರಿಯನ್ನು ನಾವು ಅದಕ್ಕಿಂತ ಎಷ್ಟೋ ದೂರದಿಂದ ನೋಡಿದಂತೆ. ಹಾಗಾಗಿ ಮೇಲ್ಮೈ ನಯವಾಗಿರಲಿ. ಗೋಡೆಗೆ ಹಚ್ಚುವ ಪುಟ್ಟಿಯನ್ನು ನೀರಾಗಿ ಕಲಸಿ ಕುಂಚದಲ್ಲಿ ಒಂದು ಕೈ ಬಳಿದು, ಒಣಗಿದ ಮೇಲೆ ನಯವಾದ ಎಮರಿಯಲ್ಲಿ ಉಜ್ಜಿದರೆ ಕಾಂಕ್ರೀಟಿನ ಮಂಕು ತಾನಾಗಿ ಬರುತ್ತದೆ. ರಸ್ತೆಗೆ ನಯವಾದ ಎಮರಿ ಕಾಗದವನ್ನೇ ಅಂಟಿಸಿ ಮೇಲೆ ಬೂದು ಬಣ್ಣ ಸವರಬಹುದು. ಡಾಂಬರು ಹೊಸದಾಗಿ ಹಾಕಿದ ವಾರ ಮಾತ್ರ ಕಪ್ಪು. ಆಮೇಲೆ ಅದು ಬೂದು. ಬಿಳಿ ಗೆರೆಗಳ ದಪ್ಪ ಒಂದು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು, ತಡೆಗೋಡೆಯ ಎತ್ತರ ಹನ್ನೊಂದು-ಹನ್ನೆರಡು ಮಿಲಿಮೀಟರ್.

ಬಣ್ಣದ ವಿಷಯದಲ್ಲಿ ಕಪ್ಪು, ಬಿಳಿ ಬೆರೆಸಿದ ಬೂದು ಬೇಡ, ಅದು ಯುದ್ಧನೌಕೆಯ ಬಣ್ಣ. ಬಿಳಿಗೆ ಚೂರು ಕಪ್ಪು, ಚೂರು ಗೋಪಿ, ಚೂರು ಕಂದು ಸೇರಬೇಕು. ಹೊಸ ಕಾಂಕ್ರೀಟ್ ತಣ್ಣಗಿನ ಬೂದು, ಹಳೆಯದು ಬಿಸಿಲಿಗೆ ಹಳದಿಗಟ್ಟಿದ ಬೂದು. ಒಂದೊಂದು ತುಂಡಿಗೂ ಒಂದೊಂದು ಛಾಯೆ ಕೊಟ್ಟರೆ ಬೇರೆ ಬೇರೆ ದಿನ ಹೊಯ್ದ ಎರಕ ಎಂಬುದು ಗೊತ್ತಾಗುತ್ತದೆ.

ಕಲೆ ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂಬುದನ್ನು ಮಳೆ ನಿರ್ಧರಿಸುತ್ತದೆ. ಸೇತುವೆಯ ಹೊಟ್ಟೆಯ ನಡುಭಾಗಕ್ಕೆ ಮಳೆ ತಾಗುವುದಿಲ್ಲ, ಅದು ವರ್ಷಗಟ್ಟಲೆ ಚೊಕ್ಕಟವಾಗಿರುತ್ತದೆ. ಎರಡು ಅಂಕಣ ಸೇರುವ ಕಡೆ ಸಂದಿನಿಂದ ನೀರು ಸೋರಿ ಕಂಬದ ತಲೆಯ ಮೇಲೆ ಬೀಳುತ್ತದೆ. ಅಲ್ಲಿಂದ ಕಪ್ಪು ಪಟ್ಟೆಗಳು ಕೆಳಕ್ಕೆ ಇಳಿಯುತ್ತವೆ. ತಡೆಗೋಡೆಯ ಹೊರಮುಖದಲ್ಲಿ, ನೀರು ಹೋಗುವ ಪೈಪುಗಳ ಕೆಳಗೆ ಪಾಚಿ ಕಟ್ಟುತ್ತದೆ. ಸಿಕ್ಕಸಿಕ್ಕಲ್ಲಿ ಕೊಳೆ ಬಳಿದವರ ಮಾದರಿ ಕೊಳಕಾಗಿ ಕಾಣುತ್ತದೆ, ಹಳೆಯದಾಗಿ ಕಾಣುವುದಿಲ್ಲ. ಸಂದಿನ ಬಾಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದ ಒಂದು ಅರಳಿ ಗಿಡವನ್ನೂ ಇಡಬಹುದು. ಎಂಜಿನಿಯರುಗಳಿಗೆ ಅದು ತಲೆನೋವು, ನಮಗೆ ಅದು ಊರಿನ ಗುರುತು. ಕಂಬಕ್ಕೆ ನಂಬರ್ ಬರೆಯುವುದನ್ನು ಮರೆಯಬೇಡಿ. ಮೆಟ್ರೊ ಹೋದ ರಸ್ತೆಗಳಲ್ಲಿ ಜನ ವಿಳಾಸ ಹೇಳುವುದೇ ಪಿಲ್ಲರ್ ನಂಬರಿನಿಂದ.

ಸೇತುವೆ ಮುಗಿದ ಮೇಲೆ ಅದರಡಿಯ ಲೋಕ ಬಾಕಿ ಇರುತ್ತದೆ. ಕಂಬದ ಬುಡಕ್ಕೆ ಹಳದಿ ಕಪ್ಪು ಪಟ್ಟೆ, ಪಕ್ಕದಲ್ಲಿ ಪೊಲೀಸ್ ಬ್ಯಾರಿಕೇಡ್, ಯು ಟರ್ನ್ ಹೊಡೆಯುತ್ತಿರುವ ಆಟೊ, ನೆರಳಲ್ಲಿ ಬುಟ್ಟಿ ಇಟ್ಟ ಹೂವಿನವರು, ಜೋತುಬಿದ್ದ ಕೇಬಲ್ ಸುರುಳಿ, ಮಳೆ ಬಂದಾಗ ಸ್ಕೂಟರ್ ನಿಲ್ಲಿಸಿಕೊಂಡು ಗುಂಪಾಗಿ ನಿಂತವರು. ಮಳೆಯ ದೃಶ್ಯ ಮಾಡುವುದಾದರೆ ರಸ್ತೆ ಒದ್ದೆಯಾಗಿ ಹೊಳೆಯಬೇಕು, ಸೇತುವೆಯ ಅಡಿ ಮಾತ್ರ ಒಣಗಿರಬೇಕು. ಆಗ ಪಕ್ಕದ ಮರದಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಅರಳಿಸಬೇಡಿ, ಅದು ವರ್ಷದ ಮೊದಲ ತಿಂಗಳುಗಳ ಹೂವು. ಏಪ್ರಿಲ್, ಮೇ ಎಂದರೆ ಗುಲ್‌ಮೊಹರ್. ಒಂದು ತಿಂಗಳನ್ನು ಆರಿಸಿಕೊಂಡು ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು. ಮತ್ತೆ, ಲೇಔಟನ್ನು ಸೊಂಟದ ಎತ್ತರದಲ್ಲಿ ಇಡುವುದಕ್ಕಿಂತ ಎದೆಯ ಎತ್ತರದಲ್ಲಿ ಇಡಿ. ಮೇಲಿನಿಂದ ನೋಡಿದರೆ ಅದು ವಿಮಾನದಿಂದ ಕಂಡ ಊರು. ಎದೆಯ ಎತ್ತರದಲ್ಲಿ ಇಟ್ಟರೆ ಸ್ವಲ್ಪ ಬಗ್ಗಿದವರಿಗೆ ನಾವು ಬದುಕುವ ಊರು ಕಾಣುತ್ತದೆ, ನೀವು ಕಷ್ಟಪಟ್ಟು ಮಾಡಿದ ಸೇತುವೆಯ ಹೊಟ್ಟೆಯೂ ಕಾಣುತ್ತದೆ.

ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ ಮಿನಿಯೇಚರ್ ವಂಡರ್‌ಲ್ಯಾಂಡ್ ನೋಡಲು ಜಗತ್ತೇ ಹೋಗುತ್ತದೆ. ನಮ್ಮ ಪಕ್ಕದ ಪುಣೆಯ ಕೋಥ್ರೂಡಿನಲ್ಲಿ ಜೋಶಿ ಕುಟುಂಬದ ಮಾದರಿ ರೈಲು ಮ್ಯೂಸಿಯಂ 1998ರಿಂದ ನಡೆಯುತ್ತಿದೆ. ಎಂಜಿನಿಯರುಗಳ ಊರಾದ ಬೆಂಗಳೂರಿನಲ್ಲಿ ಅಂಥದ್ದೊಂದು ದೊಡ್ಡ ಸಾರ್ವಜನಿಕ ಲೇಔಟ್, ಅದರಲ್ಲಿ ಈ ಊರಿನದೇ ಸೇತುವೆಗಳು ಇರಬೇಕೆಂಬುದು ನನ್ನ ಬಹುದಿನದ ಆಸೆ. ಇದು ಬರಿಯ ಆಟದ ಮಾತಲ್ಲ ಎಂದು ನನಗೆ ಮನವರಿಕೆಯಾದದ್ದು ಜಯದೇವ ಆಸ್ಪತ್ರೆಯ ಜಂಕ್ಷನ್ನಿನಲ್ಲಿ.

ಅಲ್ಲಿದ್ದ ಫ್ಲೈಓವರಿಗೆ ಸುಮಾರು ಒಂದೂವರೆ ದಶಕದ ಆಯಸ್ಸು. ಮೆಟ್ರೊಗೆ ಜಾಗ ಮಾಡಲು 2020ರ ಜನವರಿಯಲ್ಲಿ ಅದನ್ನು ಒಡೆಯಲು ಶುರುಮಾಡಿದರು. ಈಗ ಅದೇ ಜಾಗದಲ್ಲಿ ಬನ್ನೇರುಘಟ್ಟ ರಸ್ತೆಯ ಅಂಡರ್‌ಪಾಸ್, ನೆಲದ ರಸ್ತೆ, ಹೊಸ ಫ್ಲೈಓವರ್, ಹಳದಿ ಮಾರ್ಗ, ಗುಲಾಬಿ ಮಾರ್ಗ ಹೀಗೆ ಐದು ಅಂತಸ್ತು. ಮಾದರಿ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಸವಾಲು ಈ ಊರಿನಲ್ಲಿಲ್ಲ. ಹೊಸದು ಬೇಕಾಗಿತ್ತು, ಬಂತು. ಆದರೆ ದಿನವೂ ಸಾವಿರಾರು ಜನ ಹಾದುಹೋಗುತ್ತಿದ್ದ ಹಳೆಯ ಫ್ಲೈಓವರಿನ ಕಂಬ ಹೇಗಿತ್ತು, ಗರ್ಡರುಗಳು ಎಷ್ಟು ಸಾಲಿದ್ದವು ಎಂದು ಕೇಳಿದರೆ ಹೇಳಬಲ್ಲವರು ಎಷ್ಟು ಜನ? ಅದರ ಫೋಟೊಗಳಲ್ಲಿ ನನ್ನ ಕಣ್ಣಿಗೆ ಬಿದ್ದವು ಹೆಚ್ಚಿನಂಶ ಒಡೆಯುವಾಗ ತೆಗೆದವು. ಕಲ್ಲಿನ ಕಟ್ಟಡ ಕೆಡವಿದರೆ ಊರು ಮರುಗುತ್ತದೆ, ಕಾಂಕ್ರೀಟಿಗೆ ಆ ಭಾಗ್ಯವಿಲ್ಲ. ಅದನ್ನೂ ಯಾರೋ ಬಿಸಿಲಲ್ಲಿ ನಿಂತು ಕಂಬಿ ಕಟ್ಟಿ, ಸೆಂಟ್ರಿಂಗ್ ಹೊಡೆದು, ದಿನಗಟ್ಟಲೆ ನೀರು ಹಾಯಿಸಿ ಎಬ್ಬಿಸಿರುತ್ತಾರೆ. ಅಳತೆಗೆ ಸರಿಯಾಗಿ ಕಟ್ಟಿದ ಒಂದು ಮಾದರಿ ಆ ಕೆಲಸದ ದಾಖಲೆ.

ಆದ್ದರಿಂದ ಓದುಗರಲ್ಲಿ ಎರಡು ಕೋರಿಕೆ. ಹಳೆಯ ಜಯದೇವ ಫ್ಲೈಓವರಿನ ಚಿತ್ರ, ಅದರಲ್ಲೂ ಕೆಳಗಿನಿಂದ ತೆಗೆದದ್ದು, ನಿಮ್ಮ ಮನೆಯ ಆಲ್ಬಮ್ಮಿನಲ್ಲೋ ಹಳೆಯ ಫೋನಿನಲ್ಲೋ ಇದ್ದರೆ ದಿನಾಂಕ ಬರೆದು ಜೋಪಾನವಾಗಿಡಿ, ಅಳಿಸಬೇಡಿ. ಇನ್ನು ಮನೆಯಲ್ಲಿ ರೈಲಿನ ಹುಚ್ಚಿರುವ ಮಕ್ಕಳಿದ್ದರೆ ಈ ಭಾನುವಾರ ಅವರನ್ನು ಕರೆದುಕೊಂಡು ನಿಮ್ಮ ಬಡಾವಣೆಯ ಯಾವುದಾದರೊಂದು ಫ್ಲೈಓವರಿನ ಬಳಿ ಹೋಗಿ, ಫುಟ್‌ಪಾತಿನಲ್ಲಿ ನಿಂತು ಬೇರಿಂಗ್ ಎಲ್ಲಿದೆ ಎಂದು ಹುಡುಕಲು ಹೇಳಿ. ಬರುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ 25 ಮಿಲಿಮೀಟರಿನ ಪೈಪು ಒಂದು ತನ್ನಿ. ಮೊದಲ ಅಂಕಣಕ್ಕೆ ಅಷ್ಟು ಸಾಕು.